ಎಳೆತ ಎಷ್ಟು? ವಿದ್ಯಾರ್ಥಿಗಳ ವಾಹನ ಸ್ಪರ್ಧೆಯೂ ನಮ್ಮ ಬಂಡಿಯೂ

ಭರತ ಹುಣ್ಣಿಮೆಯ ಹೊತ್ತಿಗೆ ಮೈಲಾರದ ಕಾರಣಿಕಕ್ಕೆ ಬಂಡಿ ಕಟ್ಟಿಕೊಂಡು ಹೋದವರು ಒಂದು ಸಂಗತಿಯನ್ನು ಗಮನಿಸಿರುತ್ತಾರೆ. ದಾರಿ ಒಂದೇ, ಎತ್ತುಗಳೂ ಒಂದೇ ಅಳತೆಯವು, ಬಂಡಿಯಲ್ಲಿ ಕುಳಿತ ಜನರೂ ಹೆಚ್ಚು ಕಡಿಮೆ ಅಷ್ಟೇ. ಆದರೂ ಒಂದು ಬಂಡಿ ಸರಾಗವಾಗಿ ಉರುಳಿಕೊಂಡು ಹೋದರೆ, ಇನ್ನೊಂದರ ಎತ್ತುಗಳು ನಾಲ್ಕು ಮೈಲಿ ನಡೆಯುವಷ್ಟರಲ್ಲಿ ಬಾಯಲ್ಲಿ ನೊರೆ ತಂದಿರುತ್ತವೆ. ‘ಆ ಬಂಡಿ ಹಗುರ, ಈ ಬಂಡಿ ಭಾರ’ ಎಂದು ಹೇಳಿ ನಾವು ಸುಮ್ಮನಾಗುತ್ತೇವೆ. ಎಷ್ಟು ಹಗುರ, ಎಷ್ಟು ಭಾರ, ಯಾವ ಕಾರಣದಿಂದ ಎಂದು ಅಳೆದು ನೋಡುವವರು ಅಪರೂಪ.

ಹೀಗೆ ಅಳೆದು ನೋಡುವುದನ್ನೇ ಪಂದ್ಯವಾಗಿ ಮಾಡಿಕೊಂಡ ವಿದ್ಯಾರ್ಥಿಗಳು ಇದ್ದಾರೆ. ಇಂಜಿನಿಯರಿಂಗ್ ಕಾಲೇಜಿನ ಹುಡುಗ ಹುಡುಗಿಯರು ಹತ್ತು ಹದಿನೈದು ಮಂದಿ ಒಂದು ತಂಡ ಕಟ್ಟಿಕೊಂಡು, ತಾವೇ ನಕ್ಷೆ ಬರೆದು, ತಾವೇ ಬೆಸುಗೆ ಹಾಕಿ, ಅತಿ ಕಡಿಮೆ ಶಕ್ತಿಯಲ್ಲಿ ಅತಿ ಹೆಚ್ಚು ದೂರ ಹೋಗುವ ವಾಹನವನ್ನು ತಯಾರಿಸಿ ತರುತ್ತಾರೆ. ಅವರ ವಾಹನ ನಮ್ಮ ಹೊಲಕ್ಕೆ ಬರುವಂಥದ್ದಲ್ಲ. ಆದರೆ ಅವರು ಅಳೆಯುವ ರೀತಿ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ತಾಲ್ಲೂಕುಗಳ ರೈತರಿಗೆ ತಕ್ಷಣ ಉಪಯೋಗಕ್ಕೆ ಬರುತ್ತದೆ. ಈ ಭಾಗದಲ್ಲಿ ಮೆಕ್ಕೆಜೋಳ, ಶೇಂಗಾ, ಈರುಳ್ಳಿ, ಹತ್ತಿ ಯಾವುದೇ ಇರಲಿ, ಹೊಲದಿಂದ ಕಣಕ್ಕೆ, ಕಣದಿಂದ ಮನೆಗೆ, ಮನೆಯಿಂದ ಮಾರುಕಟ್ಟೆಗೆ ಮೂರು ಬಾರಿಯಾದರೂ ಗಾಲಿಯ ಮೇಲೆ ಏರಿ ಇಳಿಯುತ್ತದೆ. ಗೊಬ್ಬರ, ಮೇವು, ನೀರಿನ ಪೀಪಾಯಿಗಳನ್ನು ಸೇರಿಸಿದರೆ ವರ್ಷದ ಸಾಗಾಣಿಕೆ ಇನ್ನೂ ಹೆಚ್ಚು. ಬೀಜ ಗೊಬ್ಬರಗಳ ಲೆಕ್ಕ ಇಡುವ ರೈತರೂ ಈ ಖರ್ಚನ್ನು ಬರೆದಿಡುವುದು ಕಡಿಮೆ.

ಸ್ಪರ್ಧೆ ಹುಟ್ಟಿದ ಬಗೆ

1939ರಲ್ಲಿ ಅಮೆರಿಕದ ಇಲಿನಾಯ್ ಪ್ರಾಂತ್ಯದ ವುಡ್ ರಿವರ್ ಎಂಬಲ್ಲಿ ಶೆಲ್ ಎಣ್ಣೆ ಕಂಪನಿಯ ಪ್ರಯೋಗಾಲಯದಲ್ಲಿದ್ದ ವಿಜ್ಞಾನಿಗಳು ತಮ್ಮ ತಮ್ಮಲ್ಲೇ ಪಣ ಕಟ್ಟಿದರು: ಒಂದೇ ಅಳತೆಯ ಪೆಟ್ರೋಲಿನಲ್ಲಿ ಯಾರ ಕಾರು ಹೆಚ್ಚು ದೂರ ಹೋಗುತ್ತದೆ? ಗೆದ್ದವನ ಕಾರು ಲೀಟರಿಗೆ ಸುಮಾರು 21 ಕಿ.ಮೀ. ಓಡಿತು. ಈ ಹುಡುಗಾಟವೇ ಬೆಳೆದು 1985ರಲ್ಲಿ ಫ್ರಾನ್ಸ್ ದೇಶದಲ್ಲಿ ವಿದ್ಯಾರ್ಥಿಗಳ ‘ಇಕೋ-ಮ್ಯಾರಥಾನ್’ ಆಯಿತು. 2010ರಲ್ಲಿ ಮಲೇಷಿಯಾದಲ್ಲಿ ಏಷ್ಯಾದ ಸ್ಪರ್ಧೆ ಆರಂಭವಾಯಿತು. ನಮ್ಮ ದೇಶದ ಸ್ಪರ್ಧೆ 2018ರಲ್ಲಿ ಚೆನ್ನೈಯಲ್ಲಿ, 2019ರಲ್ಲಿ ಬೆಂಗಳೂರಿನಲ್ಲಿ ನಡೆಯಿತು.

ಇಲ್ಲಿ ಯಾರು ಮೊದಲು ಮುಟ್ಟಿದರು ಎಂಬುದನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ನಿಗದಿಯಾದಷ್ಟು ಸುತ್ತುಗಳನ್ನು ನಿಗದಿಯಾದ ಸಮಯದೊಳಗೆ ಮುಗಿಸಬೇಕು. ಆಮೇಲೆ ಎಷ್ಟು ಇಂಧನ ಖರ್ಚಾಯಿತೆಂದು ಅಳೆಯುತ್ತಾರೆ. ಟ್ಯಾಂಕು ಎಂದರೆ ಅಂಗೈಯಲ್ಲಿ ಹಿಡಿಯಬಹುದಾದ ಸೀಸೆ. ಚಮಚದಷ್ಟು ವ್ಯತ್ಯಾಸವೂ ಸೋಲು ಗೆಲುವನ್ನು ನಿರ್ಧರಿಸುತ್ತದೆ. 2005ರಲ್ಲಿ ಸ್ವಿಟ್ಜರ್ಲೆಂಡಿನ ಜ್ಯೂರಿಕ್ ನಗರದ ತಾಂತ್ರಿಕ ವಿಶ್ವವಿದ್ಯಾಲಯದವರು ತಯಾರಿಸಿದ ‘ಪ್ಯಾಕ್-ಕಾರ್ 2’ ಎಂಬ ವಾಹನ ಒಂದು ಲೀಟರ್ ಪೆಟ್ರೋಲಿಗೆ ಸಮನಾದ ಜಲಜನಕದಲ್ಲಿ 5,385 ಕಿ.ಮೀ. ಓಡುವಷ್ಟು ಮಿತವ್ಯಯ ತೋರಿಸಿತು. ಈ ಅಂಕಿಯನ್ನು ಓದಿದವರು ಅಚ್ಚಿನ ತಪ್ಪಿರಬಹುದೆಂದು ತಿಳಿಯುತ್ತಾರೆ. ತಪ್ಪಲ್ಲ. ಆ ವಾಹನದ ತೂಕ 29 ಕಿಲೋ, ಅಂದರೆ ನಮ್ಮ ಬಂಡಿಯ ಹತ್ತನೆಯ ಒಂದು ಪಾಲು. ಒಳಗೆ ಮಲಗಿಕೊಂಡು ನಡೆಸುವ ಒಬ್ಬ ಹಗುರ ಮೈಯವರನ್ನು ಬಿಟ್ಟರೆ ಬೇರೆ ಹೊರೆ ಇಲ್ಲ. ಸಮತಟ್ಟಾದ ನುಣುಪು ರಸ್ತೆಯ ಮೇಲೆ ಅದರ ಗಾಲಿಗಳನ್ನು ಉರುಳಿಸಲು ನೂರು ಗ್ರಾಂ ತೂಕದ ಎಳೆತವೂ ಬೇಕಾಗುವುದಿಲ್ಲ.

ಇದೇ ಜಾತಿಯ ಬೇರೆ ಪಂದ್ಯಗಳೂ ಇವೆ. ಕಲ್ಲು ಮುಳ್ಳಿನ ನೆಲದಲ್ಲಿ ಗಂಟೆಗಟ್ಟಲೆ ಓಡಬೇಕಾದ ‘ಬಾಹಾ’ ಎಂಬ ಸ್ಪರ್ಧೆ ಅಮೆರಿಕದಲ್ಲಿ 1976ರಲ್ಲಿ ಹುಟ್ಟಿ, ಭಾರತದಲ್ಲಿ 2007ರಿಂದ ನಡೆದಿದೆ. ಇಬ್ಬರು ತುಳಿಯುವ, ಬ್ಯಾಟರಿಯ ನೆರವೂ ಇರುವ ಮೂರು ಗಾಲಿಯ ವಾಹನಕ್ಕಾಗಿ ‘ಎಫಿಸೈಕಲ್’ ಎಂಬ ಪಂದ್ಯವಿದೆ. ನಮಗೆ ಎಲ್ಲಕ್ಕಿಂತ ಹತ್ತಿರದ್ದೆಂದರೆ ‘ಟಿಫಾನ್’. ಇದರಲ್ಲಿ ವಿದ್ಯಾರ್ಥಿಗಳು ಈರುಳ್ಳಿ ಕೀಳುವ ಯಂತ್ರ, ತರಕಾರಿ ಸಸಿ ನಾಟಿ ಮಾಡುವ ಯಂತ್ರ ಮುಂತಾದವುಗಳನ್ನು ಮಾಡಿ ತಂದು, ಮಹಾರಾಷ್ಟ್ರದ ರಾಹುರಿ ಕೃಷಿ ವಿಶ್ವವಿದ್ಯಾಲಯದ ಹೊಲದಲ್ಲಿ ಓಡಿಸಿ ತೋರಿಸಬೇಕಾಗುತ್ತದೆ. ಕಾಗದದ ಮೇಲೆ ಚೆಂದ ಕಾಣುವ ಯಂತ್ರ ಮಣ್ಣಿಗಿಳಿದಾಗ ಏನಾಗುತ್ತದೆಂಬುದನ್ನು ಅಲ್ಲಿ ಎಲ್ಲರೂ ಕಾಣುತ್ತಾರೆ. ಈ ಕಾರಣಕ್ಕಾಗಿ ಇದು ಒಳ್ಳೆಯ ಪದ್ಧತಿ.

ಲೀಟರಿಗೆ ಎಷ್ಟು ಕಿ.ಮೀ. ಎಂಬುದು ನಮ್ಮ ಲೆಕ್ಕವಲ್ಲ

5,385 ಕಿ.ಮೀ. ಎಂಬುದು ಹೊರೆ ಇಲ್ಲದ ಲೆಕ್ಕ. ರೈತನಿಗೆ ಬೇಕಾದದ್ದು ಒಂದು ಕ್ವಿಂಟಾಲ್ ಮಾಲು ಮಾರುಕಟ್ಟೆ ಮುಟ್ಟಲು ಎಷ್ಟು ಖರ್ಚಾಯಿತು ಎಂಬ ಲೆಕ್ಕ. ಒಂದು ಉದಾಹರಣೆ ನೋಡೋಣ. ಒಬ್ಬರು 40 ಕ್ವಿಂಟಾಲ್ ಮೆಕ್ಕೆಜೋಳವನ್ನು ಟ್ರ್ಯಾಕ್ಟರಿನಲ್ಲಿ ಹೇರಿಕೊಂಡು ಹೋಗಿ ಬರಲು 4 ಲೀಟರ್ ಡೀಸೆಲ್ ಉರಿಸಿದರು ಎನ್ನಿ. ಇನ್ನೊಬ್ಬರು ಅದೇ ದಾರಿಯಲ್ಲಿ 25 ಕ್ವಿಂಟಾಲ್ ಹೇರಿ 3.5 ಲೀಟರ್ ಉರಿಸಿದರು. ‘ನನಗೆ ಅರ್ಧ ಲೀಟರ್ ಉಳಿಯಿತು’ ಎಂದು ಎರಡನೆಯವರು ಹೇಳಬಹುದು. ಲೆಕ್ಕ ಹಾಕಿದರೆ ಮೊದಲಿನವರಿಗೆ ಕ್ವಿಂಟಾಲಿಗೆ 100 ಮಿ.ಲೀ., ಎರಡನೆಯವರಿಗೆ 140 ಮಿ.ಲೀ. ಬಿದ್ದಿದೆ.

ಇದನ್ನು ಓದಿ ಟ್ರೇಲರಿನ ಮೇಲೆ ಮಿತಿ ಮೀರಿ ಹೇರಬೇಕೆಂದು ಯಾರೂ ತಿಳಿಯಬಾರದು. ಟ್ರೇಲರಿಗೆ, ಅದರ ಅಚ್ಚಿಗೆ, ಟೈರಿಗೆ ಒಪ್ಪಿದ ತೂಕದೊಳಗೆ ತುಂಬ ಹೇರಿಕೊಂಡು ಹೋಗುವುದು ಲಾಭ. ಅದಕ್ಕಿಂತ ಮುಂದೆ ಹೋದರೆ ಉಳಿಸಿದ ಡೀಸೆಲ್ಲಿನ ನೂರು ಪಟ್ಟು ಹಣವನ್ನು ಅಚ್ಚು ಕೇಳುತ್ತದೆ.

ಎಳೆತವನ್ನು ತಿನ್ನುವುದು ಯಾವುದು?

ಸಮತಟ್ಟಾದ ನೆಲದಲ್ಲಿ ಬಂಡಿಯನ್ನು ಎಳೆಯಲು ಬೇಕಾಗುವ ಬಲ ಬಂಡಿಯ ತೂಕದಷ್ಟಲ್ಲ, ಅದರ ಒಂದು ಸಣ್ಣ ಪಾಲು. ಆ ಪಾಲು ಎಷ್ಟೆಂಬುದನ್ನು ಗಾಲಿ ಮತ್ತು ನೆಲ ಸೇರಿ ನಿರ್ಧರಿಸುತ್ತವೆ. ಹೊಸಪೇಟೆಯಿಂದ ಹಗರಿಬೊಮ್ಮನಹಳ್ಳಿ, ಕೊಟ್ಟೂರು, ಹರಪನಹಳ್ಳಿಗಳ ಮೇಲೆ ಹರಿಹರಕ್ಕೆ ಹೋಗುವ ರೈಲನ್ನು ತೆಗೆದುಕೊಳ್ಳಿ. ಉಕ್ಕಿನ ಕಂಬಿಯ ಮೇಲೆ ಉಕ್ಕಿನ ಗಾಲಿ ಉರುಳುವಾಗ ಒಂದು ಟನ್ ತೂಕಕ್ಕೆ ಎರಡು ಮೂರು ಕಿಲೋ ಎಳೆತ ಸಾಕು. ವಿದ್ಯಾರ್ಥಿಗಳ ಸ್ಪರ್ಧೆಯ ವಿಶೇಷ ಟೈರುಗಳೂ ಇದಕ್ಕೆ ಸಮೀಪ ಬರುತ್ತವೆ. ಟೈರಿನ ಬಂಡಿಗೆ ಒಳ್ಳೆಯ ಡಾಂಬರು ರಸ್ತೆಯಲ್ಲಿ ಟನ್ನಿಗೆ ಅಂದಾಜು 20ರಿಂದ 25 ಕಿಲೋ, ಗಟ್ಟಿಯಾದ ಮಣ್ಣಿನ ದಾರಿಯಲ್ಲಿ 40 ಕಿಲೋ ಬೇಕಾಗುತ್ತದೆ. ಉತ್ತ ಹೊಲಕ್ಕೆ ಇಳಿದರೆ 150 ಕಿಲೋ, ಮರಳಿನ ಹಳ್ಳದಲ್ಲಿ ಇಲ್ಲವೆ ಹಸಿ ಎರೆಯಲ್ಲಿ ಅದಕ್ಕಿಂತ ಹೆಚ್ಚು. ಗಾಲಿ ಮಣ್ಣಿನಲ್ಲಿ ಹೂತಷ್ಟೂ ಅದರ ಮುಂದೆ ಒಂದು ಸಣ್ಣ ದಿಣ್ಣೆ ಏಳುತ್ತದೆ. ಗಾಲಿ ಆ ದಿಣ್ಣೆಯನ್ನು ಹತ್ತುತ್ತಲೇ ಇರುತ್ತದೆ, ದಿಣ್ಣೆ ಮುಗಿಯುವುದೇ ಇಲ್ಲ.

ಈಗ ಎತ್ತುಗಳ ಕಡೆಯಿಂದ ನೋಡಿ. ಎರಡೂ ಸೇರಿ 800 ಕಿಲೋ ತೂಗುವ ಒಂದು ಜೋಡಿ ತಮ್ಮ ತೂಕದ ಹತ್ತನೆಯ ಒಂದು ಪಾಲು, ಅಂದರೆ ಸುಮಾರು 80 ಕಿಲೋ ಎಳೆತವನ್ನು ಗಂಟೆಗಟ್ಟಲೆ ಕೊಡಬಲ್ಲವು. ಸ್ವಲ್ಪ ಹೊತ್ತಿನ ಮಟ್ಟಿಗೆ ಇದರ ಎರಡು ಪಟ್ಟನ್ನೂ ಕೊಡುತ್ತವೆ, ಆದರೆ ಬೇಗ ದಣಿಯುತ್ತವೆ. 300 ಕಿಲೋ ಬಂಡಿಯ ಮೇಲೆ 10 ಕ್ವಿಂಟಾಲ್ ಹೇರಿದರೆ ಒಟ್ಟು 1,300 ಕಿಲೋ. ಡಾಂಬರು ರಸ್ತೆಯಲ್ಲಿ ಇದಕ್ಕೆ 33 ಕಿಲೋ ಎಳೆತ ಸಾಕು, ಎತ್ತುಗಳು ಆರಾಮವಾಗಿ ನಡೆಯುತ್ತವೆ. ಮಣ್ಣಿನ ದಾರಿಯಲ್ಲಿ 52 ಕಿಲೋ, ಅದೂ ಸರಿಯೆ. ಉತ್ತ ಹೊಲದಲ್ಲಿ 195 ಕಿಲೋ! ಇಲ್ಲಿ ಎತ್ತು ಮಂಡಿಯೂರಿದರೆ ಅದು ಎತ್ತಿನ ಸೋಮಾರಿತನವಲ್ಲ.

ಆದ್ದರಿಂದ ಇಡೀ ದಾರಿಯ ಹೊರೆಯನ್ನು ನಿರ್ಧರಿಸುವುದು ಆ ದಾರಿಯ ಅತಿ ಕೆಟ್ಟ ನೂರು ಮೀಟರು. ಹತ್ತು ಕಿ.ಮೀ. ಡಾಂಬರು ಇದ್ದರೂ ಹೊಲದ ಬಾಯಿಯಲ್ಲಿ ನೂರು ಮೀಟರು ಮೆತ್ತನೆ ಮಣ್ಣಿದ್ದರೆ, ಅಲ್ಲಿಂದ ಎಷ್ಟು ಹೊರಬರುತ್ತದೋ ಅಷ್ಟೇ ಮಾರುಕಟ್ಟೆಗೆ ಹೋಗುವ ಹೊರೆ. ಇದಕ್ಕೆ ಎರಡು ಉಪಾಯಗಳಿವೆ. ಹೊಲದೊಳಗಿಂದ ನಾಲ್ಕು ನಾಲ್ಕು ಕ್ವಿಂಟಾಲಿನಂತೆ ಅಂಚಿಗೆ ತಂದು, ಅಲ್ಲಿ ಪೂರ್ತಿ ಹೇರುವುದು ಒಂದು. ಅಕ್ಕಪಕ್ಕದ ನಾಲ್ಕು ಹೊಲದವರು ಸೇರಿ ಬೇಸಿಗೆಯಲ್ಲಿ ಆ ನೂರು ಮೀಟರಿಗೆ ಗರಸು ಹಾಕಿ ಗಟ್ಟಿ ಮಾಡುವುದು ಇನ್ನೊಂದು. ಈ ಭಾಗದ ಮಸಾರಿ ಭೂಮಿಯಲ್ಲಿ ಗರಸು ದೂರದಿಂದ ತರಬೇಕಾಗಿಯೂ ಇಲ್ಲ. ಹೊಸ ಬಂಡಿಗೆ ಹಾಕುವ ಹಣದಲ್ಲಿ ಸ್ವಲ್ಪ ಭಾಗವನ್ನು ದಾರಿಗೆ ಹಾಕಿದರೆ ಹೆಚ್ಚು ಲಾಭವೆಂಬುದು ನನ್ನ ಅಭಿಪ್ರಾಯ. ಹಡಗಲಿಯ ಹೊಳೆದಂಡೆಯ ಎರೆ ಭೂಮಿಯವರಿಗೆ ಮಾತ್ರ ಇದು ಅಷ್ಟು ಸುಲಭವಲ್ಲ. ಅವರು ನೆಲ ಆರುವವರೆಗೆ ಕಾಯುವುದೇ ಮೇಲು.

ಏರು ದಾರಿಯ ಲೆಕ್ಕವೂ ಇಷ್ಟೇ ಸರಳ. 20 ಮೀಟರ್ ಹೋಗುವಷ್ಟರಲ್ಲಿ ಒಂದು ಮೀಟರ್ ಏರಿದರೆ ಟನ್ನಿಗೆ 50 ಕಿಲೋ ಎಳೆತ ಹೆಚ್ಚಾಗುತ್ತದೆ. ಕೆರೆಯ ಏರಿ ಹತ್ತುವಾಗ ಎತ್ತುಗಳು ಕಟ್ಟಿಹಾಕಿದಂತೆ ನಿಲ್ಲುವುದು ಇದರಿಂದಲೇ.

ಗಾಲಿ, ಅಚ್ಚು ಮತ್ತು ಕೀಲೆಣ್ಣೆ

ಕಬ್ಬಿಣದ ಪಟ್ಟಾ ಹಾಕಿದ ಹಳೆಯ ಮರದ ಗಾಲಿಯನ್ನು ಹೀಗಳೆಯುವವರಿದ್ದಾರೆ. ಅದು ಭಾರ, ರಸ್ತೆ ಕೊರೆಯುತ್ತದೆ, ಮೆತ್ತನೆ ಮಣ್ಣಿನಲ್ಲಿ ಕತ್ತರಿಸಿಕೊಂಡು ಇಳಿಯುತ್ತದೆ, ಎಲ್ಲವೂ ನಿಜ. ಆದರೆ ನಮ್ಮ ಬಡಿಗೇರರು ಅದನ್ನು ಎದೆಮಟ್ಟ ಎತ್ತರಕ್ಕೆ ಮಾಡಿದ್ದು ತಿಳಿಯದೆ ಅಲ್ಲ. ಗಾಲಿ ದೊಡ್ಡದಿದ್ದಷ್ಟೂ ಕಲ್ಲು, ಕುಣಿಗಳನ್ನು ಸಲೀಸಾಗಿ ದಾಟುತ್ತದೆ. ಇನ್ನೊಂದು ಗುಟ್ಟು ಅಚ್ಚಿನಲ್ಲಿದೆ. ಅಚ್ಚಿನ ಘರ್ಷಣೆ ಎಷ್ಟು ಕಾಡುತ್ತದೆಂಬುದು ಅಚ್ಚಿನ ದಪ್ಪಕ್ಕೂ ಗಾಲಿಯ ಎತ್ತರಕ್ಕೂ ಇರುವ ಪ್ರಮಾಣವನ್ನು ಅವಲಂಬಿಸಿದೆ. 140 ಸೆಂ.ಮೀ. ಎತ್ತರದ ಗಾಲಿಯೊಳಗೆ 4 ಸೆಂ.ಮೀ. ದಪ್ಪದ ಅಚ್ಚು ಇದ್ದು ಕೀಲೆಣ್ಣೆ ಸರಿಯಾಗಿ ಬಿದ್ದಿದ್ದರೆ, ಅಚ್ಚು ತಿನ್ನುವ ಎಳೆತ ಟನ್ನಿಗೆ ನಾಲ್ಕೈದು ಕಿಲೋ ಮಾತ್ರ. ಅದೇ ಸಾದಾ ಬುಷ್‌ನ್ನು 70 ಸೆಂ.ಮೀ. ಎತ್ತರದ ಟೈರಿನ ಗಾಲಿಗೆ, 5 ಸೆಂ.ಮೀ. ಅಚ್ಚಿಗೆ ಹಾಕಿದರೆ ಟನ್ನಿಗೆ ಹತ್ತು ಹನ್ನೊಂದು ಕಿಲೋ ಆಗುತ್ತದೆ. ಟೈರಿನಿಂದ ಉಳಿದದ್ದರಲ್ಲಿ ಒಂದು ಭಾಗವನ್ನು ಬುಷ್ ತಿಂದುಹಾಕುತ್ತದೆ. ಆದ್ದರಿಂದ ಟೈರಿನ ಬಂಡಿಗೆ ಬೇರಿಂಗ್ ಇರಲೇಬೇಕು. ಹಳೆಯ ಲಾರಿಯ ಸಾಮಾನಿನಿಂದ ಬಂಡಿ ಕಟ್ಟಿಸುವವರು ಟೈರಿಗೆ ಚೌಕಾಸಿ ಮಾಡಿದರೂ ಬೇರಿಂಗಿಗೆ ಮಾಡಬಾರದು.

ಬೇರಿಂಗಿನ ಶತ್ರು ದೂಳು. ವರ್ಷಕ್ಕೊಮ್ಮೆ, ಸುಗ್ಗಿಗೆ ಮುಂಚೆ, ಗಾಲಿ ಬಿಚ್ಚಿ ಹಳೆಯ ಗ್ರೀಸನ್ನು ಪೂರ್ತಿ ತೆಗೆದು, ಸೀಮೆಎಣ್ಣೆ ಅಥವಾ ಡೀಸೆಲ್ಲಿನಲ್ಲಿ ತೊಳೆದು, ಒಣಗಿಸಿ ಹೊಸ ಗ್ರೀಸ್ ತುಂಬಬೇಕು. ಹಳೆಯದರ ಮೇಲೆಯೇ ಹೊಸದನ್ನು ಮೆತ್ತುವುದು ಮರಳು ಕಾಗದದ ಮೇಲೆ ಎಣ್ಣೆ ಹಚ್ಚಿದಂತೆ. ಮುಚ್ಚಳ ಕಳೆದುಹೋಗಿದ್ದರೆ ಮೊದಲು ಅದನ್ನು ಹಾಕಿಸಿ.

ಟೈರಿನ ಗಾಳಿಯ ವಿಷಯದಲ್ಲಿ ಸ್ಪರ್ಧೆಯ ವಿದ್ಯಾರ್ಥಿಗಳು ಬಹಳ ಕಟ್ಟುನಿಟ್ಟು. ಪ್ರತಿ ಓಟಕ್ಕೂ ಮುಂಚೆ ಅಳೆಯುತ್ತಾರೆ. ನಮ್ಮಲ್ಲಿ ಟೈರು ಕಣ್ಣಿಗೆ ಚಪ್ಪಟೆಯಾಗಿ ಕಂಡಾಗ ಮಾತ್ರ ಗಾಳಿಯ ನೆನಪಾಗುತ್ತದೆ. ಗಾಳಿ ಕಡಿಮೆಯಾದ ಟೈರು ಪ್ರತಿ ಸುತ್ತಿನಲ್ಲೂ ಮಡಿಚಿ ಬಿಚ್ಚಿಕೊಳ್ಳುತ್ತದೆ. ಆ ಕೆಲಸಕ್ಕೆ ಹೋದ ಶಕ್ತಿ ಬಿಸಿಯಾಗಿ ಹಾಳಾಗುತ್ತದೆ. ನಾಲ್ಕು ಮೈಲಿ ಓಡಿದ ಮೇಲೆ ಎರಡೂ ಬದಿಯ ಟೈರುಗಳನ್ನು ಕೈಯಿಂದ ಮುಟ್ಟಿ ನೋಡಿ. ಒಂದು ಹೆಚ್ಚು ಬಿಸಿಯಿದ್ದರೆ ಅದರಲ್ಲಿ ಗಾಳಿ ಕಡಿಮೆಯಿದೆ, ಇಲ್ಲವೆ ಆ ಕಡೆಗೆ ಹೊರೆ ಹೆಚ್ಚಿದೆ. ಉತ್ತ ಹೊಲದಲ್ಲಿ ಗಾಳಿ ಸ್ವಲ್ಪ ಕಡಿಮೆಯಿದ್ದರೆ ಟೈರು ಅಗಲವಾಗಿ ಕೂತು ಹೂಳುವುದು ತಪ್ಪುತ್ತದೆ ಎಂಬುದೇನೋ ನಿಜವೆ. ಆದರೆ ಹೊಲಕ್ಕೊಂದು, ರಸ್ತೆಗೊಂದು ಎಂದು ದಿನಕ್ಕೆರಡು ಬಾರಿ ಗಾಳಿ ಬದಲಿಸುವವರು ಯಾರು? ಟೈರಿನ ಮಗ್ಗುಲಲ್ಲಿ ಮುದ್ರಿಸಿದ ಮಿತಿಯನ್ನು ಮೀರದೆ, ತಯಾರಕರು ಹೇಳಿದಷ್ಟು ಗಾಳಿಯನ್ನು ಹದಿನೈದು ದಿನಕ್ಕೊಮ್ಮೆ ನೋಡಿಸಿದರೆ ಸಾಕು.

ಗಾಲಿಗಳು ಒಂದಕ್ಕೊಂದು ಸಮಾನಾಂತರವಾಗಿ ನಿಂತಿವೆಯೇ ಎಂಬುದನ್ನೂ ನೋಡಬೇಕು. ಒಂದು ಗಾಲಿ ಒಂದೇ ಒಂದು ಡಿಗ್ರಿ ಓರೆಯಾಗಿದ್ದರೂ, ಅದು ಕಿಲೋಮೀಟರಿಗೆ 17 ಮೀಟರಿನಷ್ಟು ಅಡ್ಡಕ್ಕೆ ಉಜ್ಜಿಕೊಂಡು ಹೋಗುತ್ತದೆ. ಪರೀಕ್ಷೆ ಸುಲಭ. ಎರಡು ಗಾಲಿಗಳ ನಡುವಿನ ಅಂತರವನ್ನು ಅಚ್ಚಿನ ಮಟ್ಟದಲ್ಲಿ ಮುಂದೊಮ್ಮೆ, ಹಿಂದೊಮ್ಮೆ ದಾರ ಹಿಡಿದು ಅಳೆಯಿರಿ. ಎರಡೂ ಒಂದೇ ಬರಬೇಕು. ಟೈರಿನ ಒಂದೇ ಅಂಚು ಬೇಗ ಸವೆಯುತ್ತಿದ್ದರೆ ದಾರ ಹಿಡಿಯುವ ಮೊದಲೇ ಉತ್ತರ ಸಿಕ್ಕಿದಂತಾಯಿತು.

ಕತ್ತಿನ ಮೇಲಿನ ಹೊರೆ

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು ಎತ್ತಿನ ಬಂಡಿಯಲ್ಲಿ ಯಾವ ಯಾವ ಬಲಗಳು ಎಲ್ಲೆಲ್ಲಿ ಬೀಳುತ್ತವೆಂದು ಅಳೆದು 1979ರಲ್ಲಿ ಪ್ರಕಟಿಸಿದರು. ಅದೇ ಕಾಲದಲ್ಲಿ ಬೆಂಗಳೂರಿನ ಭಾರತೀಯ ನಿರ್ವಹಣಾ ಸಂಸ್ಥೆಯ ಮೊದಲ ನಿರ್ದೇಶಕರಾಗಿದ್ದ ಪ್ರೊ. ಎನ್. ಎಸ್. ರಾಮಸ್ವಾಮಿಯವರು ಬಂಡಿಯ ಸುಧಾರಣೆಯನ್ನೇ ಒಂದು ವ್ರತದಂತೆ ಹಿಡಿದು ದೇಶವೆಲ್ಲ ಸುತ್ತಿದರು. ರೈಲು, ಲಾರಿಗಳ ಬಗ್ಗೆ ಇಷ್ಟೊಂದು ಯೋಚಿಸುವ ನಾವು ಒಂದೂವರೆ ಕೋಟಿಯಷ್ಟು ಬಂಡಿಗಳನ್ನು ಏಕೆ ಮರೆತಿದ್ದೇವೆ ಎಂಬುದು ಅವರ ಪ್ರಶ್ನೆಯಾಗಿತ್ತು. ಎತ್ತಿನ ಹೆಗಲ ಮೇಲಿನ ಹುಣ್ಣು ಅವರ ಮುಖ್ಯ ಚಿಂತೆಗಳಲ್ಲಿ ಒಂದು.

ಆ ಹುಣ್ಣಿಗೆ ನೊಗದ ಒರಟುತನ ಒಂದು ಕಾರಣ. ಹೇರುವ ರೀತಿ ಇನ್ನೊಂದು. ಎರಡು ಗಾಲಿಯ ಬಂಡಿ ಒಂದು ತಕ್ಕಡಿ ಇದ್ದಂತೆ, ಅಚ್ಚೇ ಅದರ ನಡುಮುಳ್ಳು. ಅಚ್ಚಿನಿಂದ ನೊಗಕ್ಕೆ 3 ಮೀಟರ್ ದೂರವಿದ್ದು, ಒಂದು ಟನ್ ಹೊರೆಯ ನಡುಭಾಗ ಅಚ್ಚಿಗಿಂತ 15 ಸೆಂ.ಮೀ. ಅಂದರೆ ಅರ್ಧ ಅಡಿ ಮುಂದಿದ್ದರೆ, ಎತ್ತುಗಳ ಕತ್ತಿನ ಮೇಲೆ 50 ಕಿಲೋ ಕೂತಂತಾಯಿತು. ಒಂದು ಚೀಲ ಸಿಮೆಂಟನ್ನು ದಾರಿಯುದ್ದಕ್ಕೂ ಹೊತ್ತುಕೊಂಡೇ ಎಳೆಯಬೇಕು. ಅರ್ಧ ಅಡಿ ಹಿಂದಾದರೆ ನೊಗ ಮೇಲಕ್ಕೆದ್ದು ಜತ್ತಿಗೆ ಗಂಟಲು ಒತ್ತುತ್ತದೆ. ಸಮತಟ್ಟಿನ ಮೇಲೆ ಎರಡೂ ಎತ್ತುಗಳಿಗೆ ಸೇರಿ 20ರಿಂದ 30 ಕಿಲೋ ಕತ್ತಿನ ಮೇಲೆ ಬರುವಂತೆ ಹೇರುವುದು ಹಿತಕರ. ಹೇರಿದ ಮೇಲೆ ನೊಗ ಕಟ್ಟುವ ಮುನ್ನ ಒಬ್ಬರು ಮೂಕಿಯ ತುದಿಯನ್ನು ಎತ್ತಿ ನೋಡಿದರೆ ಇದು ತಿಳಿಯುತ್ತದೆ: ಅರ್ಧ ಚೀಲ ಕಾಳು ಎತ್ತಿದಷ್ಟು ಭಾರವಿರಬೇಕು, ಹೆಚ್ಚಿರಬಾರದು.

ಮೇವು, ಹತ್ತಿಯಂಥ ಎತ್ತರದ ಹೊರೆಗೆ ಇನ್ನಷ್ಟು ಎಚ್ಚರ ಬೇಕು. ಹೊರೆಯ ನಡುಭಾಗ ಅಚ್ಚಿಗಿಂತ ಎರಡು ಅಡಿ ಮೇಲಿದ್ದರೆ, ಹತ್ತಕ್ಕೆ ಒಂದು ಇಳಿಜಾರಿನಲ್ಲಿ ಅದು ತಾನಾಗಿ 6 ಸೆಂ.ಮೀ. ಮುಂದಕ್ಕೆ ಸರಿದಂತಾಗಿ ಟನ್ನಿಗೆ 20 ಕಿಲೋ ಕತ್ತಿನ ಮೇಲೆ ಬೀಳುತ್ತದೆ. ಏರಿನಲ್ಲಿ ಅಷ್ಟೇ ಹಿಂದಕ್ಕೆ ಹೋಗುತ್ತದೆ. ಕಾಳಿನ ಚೀಲ, ಮೇವು ಎರಡೂ ಇದ್ದರೆ ಚೀಲ ಕೆಳಗೆ, ಮೇವು ಮೇಲೆ ಎಂಬುದು ಎಲ್ಲರಿಗೂ ಗೊತ್ತಿದ್ದರೂ, ಮನೆಗೆ ಬಂದಾಗ ಮೊದಲು ಇಳಿಸಬೇಕೆಂದು ಚೀಲವನ್ನು ಮೇಲಿಟ್ಟ ಬಂಡಿಗಳನ್ನು ನಾವೆಲ್ಲ ನೋಡಿದ್ದೇವೆ.

ಟ್ರ್ಯಾಕ್ಟರಿನ ಎರಡು ಗಾಲಿಯ ಟ್ರೇಲರಿಗೂ ಇದೇ ನಿಯಮ. ಹೊರೆ ಹಿಂದಕ್ಕೆ ಬಿದ್ದರೆ ಟ್ರ್ಯಾಕ್ಟರಿನ ಹಿಂಗಾಲಿಗಳು ಮೇಲೆತ್ತಿದಂತಾಗಿ ಹಿಡಿತವೂ ಬ್ರೇಕೂ ಕಡಿಮೆಯಾಗುತ್ತವೆ. ತೀರ ಮುಂದಕ್ಕೆ ಬಿದ್ದರೆ ಮುಂಗಾಲಿ ಹಗುರಾಗಿ ತಿರುವಿನಲ್ಲಿ ಮಾತು ಕೇಳುವುದಿಲ್ಲ.

ಮನೆಯಲ್ಲೇ ಅಳೆಯುವುದು ಹೇಗೆ?

ಹತ್ತಿ ತೂಗಲು ಬಳಸುವ, 50 ಅಥವಾ 100 ಕಿಲೋವರೆಗೆ ತೋರಿಸುವ ನೇತುಹಾಕುವ ಕಾಟಾ ಒಂದಿದ್ದರೆ ಸಾಕು. ಎತ್ತು ಕಟ್ಟದ ಖಾಲಿ ಬಂಡಿಯನ್ನು ಸಮತಟ್ಟಾದ, ವಾಹನ ಓಡಾಡದ ಗಟ್ಟಿ ದಾರಿಗೆ ತನ್ನಿ. ಮೂಕಿಯ ತುದಿಯನ್ನು ಒಬ್ಬರು ನೊಗದ ಮಟ್ಟಕ್ಕೆ ಎತ್ತಿ ಹಿಡಿಯಲಿ. ಕಾಟಾವನ್ನು ಹಗ್ಗದಿಂದ ಕಟ್ಟಿ ಇನ್ನಿಬ್ಬರು ನೇರವಾಗಿ, ಜಗ್ಗದೆ, ಒಂದೇ ಸಮನೆ ನಡೆದುಕೊಂಡು ಎಳೆಯಲಿ. ಬಂಡಿ ಕದಲುವಾಗ ಮುಳ್ಳು ಮೇಲೆ ಹಾರುತ್ತದೆ, ಅದನ್ನು ಬಿಡಿ. ನಡೆಯುತ್ತಿರುವಾಗ ಎಲ್ಲಿ ನಿಂತಿದೆ ಎಂಬುದನ್ನು ಬರೆದುಕೊಳ್ಳಿ. ಅದೇ ಜಾಗದಲ್ಲಿ ಹಿಂದಿರುಗಿ ಎಳೆದು ಎರಡರ ಸರಾಸರಿ ತೆಗೆಯಿರಿ. ಕಣ್ಣಿಗೆ ಕಾಣದ ಇಳಿಜಾರಿದ್ದರೆ ಅದು ಕಳೆದುಹೋಗುತ್ತದೆ. 300 ಕಿಲೋ ತೂಗುವ ಟೈರಿನ ಬಂಡಿ 8ರಿಂದ 12 ಕಿಲೋ ಎಳೆತ ತೋರಿಸಿದರೆ ಆರೋಗ್ಯವಾಗಿದೆ. 20 ಕಿಲೋ ತೋರಿಸಿದರೆ ಗಾಳಿ, ಬೇರಿಂಗ್, ಓರೆ ಈ ಮೂರರಲ್ಲಿ ಒಂದು ಕೆಟ್ಟಿದೆ. ಮೊದಲು ಗಾಳಿ ಹಾಕಿಸಿ ಮತ್ತೆ ಅಳೆಯಿರಿ, ಆಮೇಲೆ ಬೇರಿಂಗ್ ತೊಳೆದು ಅಳೆಯಿರಿ. ಒಂದು ಸಲಕ್ಕೆ ಒಂದೇ ಬದಲಾವಣೆ. ಸ್ಪರ್ಧೆಗೆ ಹೋಗುವ ವಿದ್ಯಾರ್ಥಿಗಳೂ ಮೊದಲು ಕಲಿಯುವ ಪಾಠ ಇದೇ. ಮೂರನ್ನೂ ಒಟ್ಟಿಗೆ ಬದಲಿಸಿದರೆ ಯಾವುದರಿಂದ ಲಾಭವಾಯಿತೆಂದು ತಿಳಿಯುವುದಿಲ್ಲ.

ಟ್ರ್ಯಾಕ್ಟರಿನ ಡೀಸೆಲ್ ಅಳೆಯಲು ಮೀಟರಿನ ಮುಳ್ಳನ್ನು ನಂಬಬೇಡಿ. ಹೊರಡುವಾಗ ಸಮತಟ್ಟಿನಲ್ಲಿ ನಿಲ್ಲಿಸಿ ಟ್ಯಾಂಕನ್ನು ಬಾಯಿಮಟ್ಟ ತುಂಬಿ, ಬಂದ ಮೇಲೆ ಅದೇ ಜಾಗದಲ್ಲಿ ನಿಲ್ಲಿಸಿ ಲೀಟರ್ ಅಳತೆಯಿಂದ ಮತ್ತೆ ಬಾಯಿಮಟ್ಟ ತುಂಬಿರಿ. ಹಾಕಿದ್ದೆಷ್ಟೋ ಖರ್ಚಾದದ್ದಷ್ಟು. ಮಾರುಕಟ್ಟೆಯ ತೂಕದ ಚೀಟಿಯಿಂದ ಕ್ವಿಂಟಾಲ್ ಸಿಗುತ್ತದೆ.

ಸ್ಪರ್ಧೆಯಿಂದ ಕಲಿಯಬಾರದ್ದು

ಇಕೋ-ಮ್ಯಾರಥಾನಿನಲ್ಲಿ ಹೆಚ್ಚಿನ ತಂಡಗಳು ಸ್ವಲ್ಪ ದೂರ ಎಂಜಿನ್ ಓಡಿಸಿ ವೇಗ ಪಡೆದು, ಎಂಜಿನ್ ಆರಿಸಿ ಗಾಡಿಯನ್ನು ಉರುಳಬಿಡುತ್ತವೆ. ವೇಗ ಇಳಿದ ಮೇಲೆ ಮತ್ತೆ ಹಚ್ಚುತ್ತವೆ. ಮುಚ್ಚಿದ ಪಥದಲ್ಲಿ, 29 ಕಿಲೋ ವಾಹನಕ್ಕೆ ಇದು ಸರಿ. ತುಂಬಿದ ಟ್ರೇಲರ್ ಕಟ್ಟಿದ ಟ್ರ್ಯಾಕ್ಟರನ್ನು ಇಳಿಜಾರಿನಲ್ಲಿ ನ್ಯೂಟ್ರಲ್ ಮಾಡಿ ಬಿಡುವುದು ಸಾವಿನೊಡನೆ ಆಟ. ಟ್ರೇಲರ್ ಹಿಂದಿನಿಂದ ನೂಕಿ ಟ್ರ್ಯಾಕ್ಟರನ್ನು ಅಡ್ಡ ತಿರುಗಿಸಿ ಮಗುಚುತ್ತದೆ. ಏರಲು ಯಾವ ಗೇರು ಬೇಕೋ ಅದೇ ಗೇರಿನಲ್ಲಿ, ಕ್ಲಚ್ ಒತ್ತದೆ, ಎರಡೂ ಬ್ರೇಕ್ ಪೆಡಲುಗಳನ್ನು ಜೋಡಿಸಿಕೊಂಡು ಇಳಿಯಬೇಕು. ಒಂದು ಹನಿ ಡೀಸೆಲ್ ಕೂಡ ಇಲ್ಲಿ ಉಳಿಸಬೇಕಾಗಿಲ್ಲ.

ಅವರ ವಾಹನಗಳ ಮೀನಿನ ಆಕಾರವೂ ನಮ್ಮ ಬಂಡಿಗೆ, ಟ್ರ್ಯಾಕ್ಟರಿಗೆ ಬೇಕಾಗಿಲ್ಲ. ಗಾಳಿಯ ತಡೆ ವೇಗದ ವರ್ಗದಂತೆ ಬೆಳೆಯುತ್ತದೆ. ಬಂಡಿಯ ನಡಿಗೆಗೆ ಅದು ಲೆಕ್ಕಕ್ಕಿಲ್ಲ. ಹಡಗಲಿಯ ಮಲ್ಲಿಗೆ ಮೊಗ್ಗನ್ನು ಬೆಳಗಿನ ಬಸ್ಸಿಗೆ ಮುಟ್ಟಿಸಲು ಮೋಟಾರ್ ಸೈಕಲ್ಲಿನಲ್ಲಿ 60 ಕಿ.ಮೀ. ವೇಗದಲ್ಲಿ ಹೋಗುವವರ ಮಾತು ಬೇರೆ. ಅಗಲಕ್ಕೆ ಎರಡೂ ಬದಿ ಚಾಚಿ ಕಟ್ಟಿದ ಬುಟ್ಟಿಗಳು ಅಲ್ಲಿ ಪೆಟ್ರೋಲ್ ಕುಡಿಯುತ್ತವೆ. ಸವಾರನ ಬೆನ್ನಿನ ಮರೆಯಲ್ಲಿ ಹಿಂದೆ ಕಟ್ಟಿದರೆ, ವೇಗವನ್ನು 45ಕ್ಕೆ ಇಳಿಸಿದರೆ, ವ್ಯತ್ಯಾಸ ತಿಂಗಳೊಳಗೆ ಕಾಣುತ್ತದೆ.

ವಿದ್ಯಾರ್ಥಿಗಳಿಗೆ ಪ್ರಶ್ನೆ ಕೊಡುವವರು ಯಾರು?

ಈ ಸ್ಪರ್ಧೆಗಳ ಬಗ್ಗೆ ಒಂದು ಆಕ್ಷೇಪಣೆ ಇದೆ. ಅನೇಕ ವಾಹನಗಳು ಪಂದ್ಯ ಮುಗಿದ ಮೇಲೆ ಕಾಲೇಜಿನ ವರ್ಕ್‌ಶಾಪಿನ ಮೂಲೆ ಸೇರುತ್ತವೆ. ವಿದ್ಯಾರ್ಥಿಗೆ ಅಂಕ ಬಂತು, ಕೆಲಸವೂ ಸಿಕ್ಕಿತು. ವಾಹನಕ್ಕೆ ತುಕ್ಕು ಬಂತು. ತಪ್ಪು ವಿದ್ಯಾರ್ಥಿಗಳದಲ್ಲ. ನಮ್ಮ ಪ್ರಶ್ನೆಗಳನ್ನು ನಾವು ಅವರಿಗೆ ಕೊಟ್ಟಿಲ್ಲ.

ಕೊಡುವ ದಾರಿ ಇದೆ. ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿಯು 1977ರಿಂದ ಇಂಜಿನಿಯರಿಂಗ್ ವಿದ್ಯಾರ್ಥಿಗಳ ಯೋಜನೆಗಳಿಗೆ ನೆರವು ನೀಡುತ್ತ ಬಂದಿದೆ. ಕೊನೆಯ ವರ್ಷದ ವಿದ್ಯಾರ್ಥಿಗಳು ತಂಡವಾಗಿ, ಒಬ್ಬ ಅಧ್ಯಾಪಕರ ಮಾರ್ಗದರ್ಶನದಲ್ಲಿ, ಕಾಲೇಜಿನ ಮೂಲಕ ಅರ್ಜಿ ಹಾಕುತ್ತಾರೆ. ಆಯ್ಕೆಯಾದವುಗಳಿಗೆ ಸಣ್ಣ ಮೊತ್ತ ದೊರೆಯುತ್ತದೆ, ಉತ್ತಮವಾದವುಗಳಿಗೆ ರಾಜ್ಯಮಟ್ಟದ ಪ್ರದರ್ಶನದಲ್ಲಿ ಬಹುಮಾನವೂ ಇದೆ. ನಮ್ಮ ಹೂವಿನಹಡಗಲಿಯಲ್ಲೇ ಸರ್ಕಾರಿ ಇಂಜಿನಿಯರಿಂಗ್ ಕಾಲೇಜಿದೆ. ಹೊಸಪೇಟೆ, ಬಳ್ಳಾರಿ, ದಾವಣಗೆರೆಗಳಲ್ಲೂ ಕಾಲೇಜುಗಳಿವೆ. ರಾಯಚೂರಿನಲ್ಲಿ ಕೃಷಿ ಇಂಜಿನಿಯರಿಂಗ್ ಮಹಾವಿದ್ಯಾಲಯವೇ ಇದೆ.

ಹೋಗುವಾಗ ‘ನಮಗೆ ಒಳ್ಳೆಯ ಬಂಡಿ ಮಾಡಿಕೊಡಿ’ ಎಂದು ಹೋದರೆ ಯಾರಿಗೂ ಉಪಯೋಗವಿಲ್ಲ. ಪ್ರಶ್ನೆ ಚಿಕ್ಕದಾಗಿರಬೇಕು, ಅದರಲ್ಲಿ ಅಂಕಿಗಳಿರಬೇಕು. ಉದಾಹರಣೆಗೆ: ‘ಎರಡು ಎಕರೆ ಈರುಳ್ಳಿ ಹೊಲ. ಸಾಲಿನಿಂದ ರಸ್ತೆಗೆ 150 ಮೀಟರ್, ಮೆತ್ತನೆ ಮಸಾರಿ. ಚೀಲ 50 ಕಿಲೋ. ಈಗ ಇಬ್ಬರು ಹೆಂಗಸರು ತಲೆಯ ಮೇಲೆ ಹೊತ್ತು ತರುತ್ತಾರೆ, ದಿನಕ್ಕೆ ಇಷ್ಟು ಚೀಲ. ಒಬ್ಬರೇ ನೂಕಬಲ್ಲ, ಸಾಲಿನ ನಡುವೆ ಹಿಡಿಸುವ, ಊರ ಕಮ್ಮಾರ ರಿಪೇರಿ ಮಾಡಬಲ್ಲ ಕೈಗಾಡಿ ಬೇಕು. ಇಷ್ಟು ರೂಪಾಯಿ ಮೀರಬಾರದು.’ ಇಷ್ಟು ಬರೆದುಕೊಟ್ಟರೆ ಅರ್ಧ ನಕ್ಷೆ ಬರೆದುಕೊಟ್ಟಂತೆ. ಮೇಲೆ ಹೇಳಿದ ಕಾಟಾದಿಂದ ಅಳೆದ ಎಳೆತವನ್ನೂ ಜೊತೆಗೆ ಬರೆದರೆ ವಿದ್ಯಾರ್ಥಿಗಳಿಗೆ ಹೋಲಿಸಿ ನೋಡಲು ಒಂದು ಗುರುತು ಸಿಗುತ್ತದೆ.

ಕೊನೆಯ ವರ್ಷದ ತರಗತಿಗಳು ಆರಂಭವಾಗುವ ಹೊತ್ತಿಗೆ ವಿದ್ಯಾರ್ಥಿಗಳು ವಿಷಯ ಹುಡುಕುತ್ತಿರುತ್ತಾರೆ. ಆಗಲೇ ಮೆಕ್ಯಾನಿಕಲ್ ವಿಭಾಗದ ಮುಖ್ಯಸ್ಥರನ್ನು ಕಾಣಬೇಕು. ತಯಾರಾದ ಗಾಡಿಯನ್ನು ನಿಮ್ಮ ಹೊಲದಲ್ಲೇ, ನಿಮ್ಮ ಚೀಲ ಹೇರಿ, ನಿಮ್ಮ ಮನೆಯವರ ಕೈಯಲ್ಲೇ ನೂಕಿಸಿ ನೋಡಬೇಕೆಂಬ ಷರತ್ತನ್ನು ಮೊದಲ ದಿನವೇ ಹೇಳಿಬಿಡಿ.